ಮಿಂಚುಳ್ಳಿ ನೋಡಲು ಯಾವ ಹೊಳೆಗೆ ಹೋಗೋಣ?

ಚಳಿ ಶುರುವಾಗುತ್ತಿದ್ದಂತೆ ಯಾರಾದರೊಬ್ಬರ ಫೋನ್ ಬರುತ್ತದೆ. ‘ಮಕ್ಕಳಿಗೆ ಮಿಂಚುಳ್ಳಿ ತೋರಿಸ್ಬೇಕು ಕಣೋ, ಕಬಿನಿಗೆ ಬುಕ್ ಮಾಡ್ಲಾ?’ ನನ್ನ ಉತ್ತರ ಪ್ರತಿ ಸಲವೂ ಒಂದೇ. ಆನೆ ನೋಡಬೇಕಿದ್ದರೆ ಖಂಡಿತ ಕಬಿನಿ. ಬರೀ ಮಿಂಚುಳ್ಳಿಗಾದರೆ ಅಷ್ಟು ದುಡ್ಡು ಸುರಿಯಬೇಕಿಲ್ಲ. ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ ಬೆಳಿಗ್ಗೆ ಒಂದೆರಡು ಗಂಟೆ ಸುಮ್ನೆ ಕೂತರೆ ಮೂರು ಜಾತಿಯ ಮಿಂಚುಳ್ಳಿ ಕಣ್ಣಿಗೆ ಬೀಳಬಹುದು, ಅದೂ ಪುಕ್ಕಟೆ.

ಹಾಗಂತ ಎಲ್ಲರಿಗೂ ಶ್ರೀರಂಗಪಟ್ಟಣವೇ ಸರಿ ಅಂತಲ್ಲ. ಯಾವ ಹಕ್ಕಿ ಬೇಕು, ಯಾವ ತಿಂಗಳು ಹೊರಡುತ್ತೀರಿ, ಜೊತೆಗೆ ಯಾರಿದ್ದಾರೆ ಅನ್ನುವುದರ ಮೇಲೆ ಹೊಳೆಯೂ ಬದಲಾಗುತ್ತದೆ. ನಾನು ಓಡಾಡಿರುವ ಕರ್ನಾಟಕದ ಕೆಲವು ನದಿಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ.

ಯಾವ ಮಿಂಚುಳ್ಳಿ ಬೇಕು, ಮೊದಲು ಅದನ್ನು ಹೇಳಿ

ಭಾರತದಲ್ಲಿ ಹನ್ನೆರಡು ಜಾತಿಯ ಮಿಂಚುಳ್ಳಿಗಳಿವೆ. ನಮ್ಮ ರಾಜ್ಯದಲ್ಲಿ ಸ್ವಲ್ಪ ಪ್ರಯತ್ನಪಟ್ಟರೆ ಏಳನ್ನು ನೋಡಬಹುದು. ಅದರಲ್ಲಿ ನಾಲ್ಕು ಸುಲಭ, ಮೂರಕ್ಕೆ ಕಷ್ಟಪಡಬೇಕು.

ಎಲ್ಲಕ್ಕಿಂತ ಸುಲಭದ್ದು ಬಿಳಿ ಎದೆಯ ಮಿಂಚುಳ್ಳಿ. ಕಂದು ತಲೆ, ಬಿಳಿ ಎದೆ, ನೀಲಿ ಬೆನ್ನು, ಕೆಂಪು ಕೊಕ್ಕು. ಇದಕ್ಕೆ ಹೊಳೆಯೇ ಬೇಕು ಅಂತಿಲ್ಲ. ಗದ್ದೆ ಬದು, ಕರೆಂಟ್ ತಂತಿ, ಊರ ನಡುವಿನ ತೆಂಗಿನ ಮರ, ಎಲ್ಲಿ ಬೇಕಾದರೂ ಕೂರುತ್ತದೆ. ಮೀನಿಗಿಂತ ಮಿಡತೆ, ಹಲ್ಲಿ, ಏಡಿಯನ್ನೇ ಜಾಸ್ತಿ ತಿನ್ನುತ್ತದೆ. ಇದರ ಫೋಟೊ ಕಳಿಸಿ ‘ನೀಲಕಂಠ ಸಿಕ್ತು’ ಅಂದವರು ನನ್ನ ಬಳಗದಲ್ಲೇ ಬೇಕಾದಷ್ಟು ಜನ ಇದ್ದಾರೆ. ನೀಲಕಂಠ ನಮ್ಮ ರಾಜ್ಯಪಕ್ಷಿ, ಬೇರೆಯೇ ಹಕ್ಕಿ. ಅದಕ್ಕೆ ಈ ಉದ್ದನೆಯ ಕೆಂಪು ಕೊಕ್ಕಿಲ್ಲ.

ಎರಡನೆಯದು ಸಣ್ಣ ಮಿಂಚುಳ್ಳಿ. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬೆನ್ನು ಮಿರುಗುವ ನೀಲಿ, ಹೊಟ್ಟೆ ಕಿತ್ತಳೆ. ‘ಚೀ’ ಅಂತ ಚೂಪಾಗಿ ಕೂಗುತ್ತಾ ನೀರಿಗೆ ತಾಗಿದಂತೆ ನೇರವಾಗಿ ಹಾರಿಹೋಗುತ್ತದೆ. ಕೊಕ್ಕಿನ ಕೆಳಭಾಗ ಕೆಂಪಗಿದ್ದರೆ ಹೆಣ್ಣು, ಪೂರ್ತಿ ಕಪ್ಪಾದರೆ ಗಂಡು.

ಮೂರನೆಯದು ಕಪ್ಪು ಬಿಳಿ ಮಿಂಚುಳ್ಳಿ. ಬಣ್ಣವಿಲ್ಲ ಅಂತ ಮಕ್ಕಳು ಮೊದಲು ಮೂಗು ಮುರಿಯುತ್ತಾರೆ. ಆಮೇಲೆ ಅದೇ ಅವರಿಗೆ ಅಚ್ಚುಮೆಚ್ಚಾಗುತ್ತದೆ, ಯಾಕೆಂದರೆ ಇದು ಆಟ ತೋರಿಸುತ್ತದೆ. ಸಂಗಮದ ಹತ್ತಿರ ಒಂದು ಡಿಸೆಂಬರ್ ಬೆಳಿಗ್ಗೆ ನೋಡಿದ್ದು ಇನ್ನೂ ಕಣ್ಣಲ್ಲಿದೆ. ನೀರಿನಿಂದ ಎರಡಾಳು ಎತ್ತರದಲ್ಲಿ ಒಂದು ಹಕ್ಕಿ ಗಾಳಿಯಲ್ಲೇ ನಿಂತಿತ್ತು. ರೆಕ್ಕೆ ಪಟಪಟ ಬಡಿಯುತ್ತಿದೆ, ಮೈ ನೆಟ್ಟಗೆ, ಕೊಕ್ಕು ನೇರ ಕೆಳಕ್ಕೆ. ತಲೆ ಮಾತ್ರ ಒಂದು ಚೂರೂ ಅಲುಗುತ್ತಿಲ್ಲ. ಹಾಗೆ ನಿಂತು, ಸ್ವಲ್ಪ ಕೆಳಗಿಳಿದು, ಮತ್ತೆ ನಿಂತು, ಆಮೇಲೆ ಕಲ್ಲು ಬಿದ್ದ ಹಾಗೆ ಬಿತ್ತು. ಮೀನು ಸಿಗಲಿಲ್ಲ. ಮೈ ಒದರಿಕೊಂಡು ಮತ್ತೆ ಮೇಲೆ ಹೋಗಿ ನಿಂತಿತು. ನಾಲ್ಕನೇ ಸಲಕ್ಕೆ ಸಿಕ್ಕಿತು. ಎದೆಯ ಮೇಲೆ ಎರಡು ಕಪ್ಪು ಪಟ್ಟಿ ಇತ್ತು, ಅಂದರೆ ಗಂಡು. ಹೆಣ್ಣಿಗೆ ಒಂದೇ ಪಟ್ಟಿ, ಅದೂ ನಡುವೆ ತುಂಡಾಗಿರುತ್ತದೆ.

ನಾಲ್ಕನೆಯದು ದೊಡ್ಡ ಕೊಕ್ಕಿನ ಮಿಂಚುಳ್ಳಿ. ಒಂದಡಿಗಿಂತ ಉದ್ದದ ಹಕ್ಕಿ, ಕೊಕ್ಕಂತೂ ರಕ್ತಗೆಂಪು. ದಟ್ಟ ಮರಗಳಿರುವ ದಂಡೆಯಲ್ಲಿ ಎಲೆಗಳ ಮರೆಯಲ್ಲಿ ಕೂತಿರುತ್ತದೆ. ಅಷ್ಟು ದೊಡ್ಡ ಹಕ್ಕಿ ಅಷ್ಟು ಚೆನ್ನಾಗಿ ಅಡಗಿಕೊಳ್ಳುತ್ತದೆ ಅನ್ನುವುದೇ ಆಶ್ಚರ್ಯ. ನಗುವಂತೆ ಜೋರಾಗಿ ಕೂಗಿದಾಗಲೇ ಹೆಚ್ಚಿನವರಿಗೆ ಇದು ಗೊತ್ತಾಗುವುದು.

ಉಳಿದ ಮೂರು, ಅಂದರೆ ನೀಲಿ ಕಿವಿಯದ್ದು, ಮೂರು ಬೆರಳಿನ ಪುಟಾಣಿ ಮತ್ತು ಕರಿ ತಲೆಯದ್ದು, ಎಲ್ಲ ಹೊಳೆಯಲ್ಲೂ ಸಿಗುವುದಿಲ್ಲ. ಅವುಗಳಿಗೆ ಎಲ್ಲಿಗೆ ಹೋಗಬೇಕು ಅಂತ ಆಯಾ ನದಿಯ ಜೊತೆಗೇ ಹೇಳುತ್ತೇನೆ.

ರಂಗನತಿಟ್ಟು: ಅಜ್ಜ ಅಜ್ಜಿ, ಮಕ್ಕಳು, ಮೊದಲ ಸಲ ಹೊರಟವರು

ಮೊದಲ ಸಲವಾದರೆ ಇಲ್ಲಿಗೇ ಹೋಗಿ. ಕಾವೇರಿಗೆ ಅಡ್ಡವಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಕಟ್ಟೆಯಿಂದ ಹುಟ್ಟಿದ ತಿಟ್ಟುಗಳಿವು. ಪಕ್ಷಿತಜ್ಞ ಸಲೀಂ ಅಲಿ ಒತ್ತಾಯಿಸಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು.

ಅರಣ್ಯ ಇಲಾಖೆಯ ದೋಣಿಗಳು ಹುಟ್ಟು ಹಾಕಿಕೊಂಡು ಹೋಗುತ್ತವೆ, ಗದ್ದಲವಿಲ್ಲ. ನಡೆಯುವುದು ಕಡಿಮೆ, ಹಾಗಾಗಿ ಮಂಡಿ ನೋವಿನವರಿಗೂ ತೊಂದರೆಯಿಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯಂತೂ ಸಿಕ್ಕೇ ಸಿಗುತ್ತದೆ ಅನ್ನಬಹುದು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚ ಕೊಕ್ಕಿನ ಹಕ್ಕಿ, ನೀರುಕಾಗೆ, ಮರದಲ್ಲಿ ತಲೆಕೆಳಗಾಗಿ ನೇತಾಡುವ ಬಾವಲಿಗಳು. ಕೊಕ್ಕರೆಗಳ ಗೂಡು ಮರಿ ನೋಡಲು ಫೆಬ್ರವರಿ, ಮಾರ್ಚ್ ಒಳ್ಳೆಯದು.

ಒಂದು ಕೊರತೆ ಇದೆ. ಜನ ಮೊಸಳೆ ಮೊಸಳೆ ಅಂತ ಕೂಗುವುದರಿಂದ ದೋಣಿ ನಡೆಸುವವರು ಮಿಂಚುಳ್ಳಿಯನ್ನು ದಾಟಿಕೊಂಡು ಹೋಗಿಬಿಡುತ್ತಾರೆ. ಹತ್ತುವಾಗಲೇ ‘ಅಣ್ಣಾ, ಮಿಂಚುಳ್ಳಿ ಕಂಡ್ರೆ ಸ್ವಲ್ಪ ನಿಲ್ಸಿ’ ಅಂದುಬಿಡಿ. ಅವರಿಗೆ ಯಾವ ಕೊಂಬೆಯಲ್ಲಿ ಯಾವ ಹಕ್ಕಿ ಕೂರುತ್ತದೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಭಾನುವಾರ ಮಧ್ಯಾಹ್ನ ಮಾತ್ರ ಬೇಡ. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಹೋದರೆ ಬೇರೆಯೇ ಜಾಗ ಅನ್ನಿಸುತ್ತದೆ.

ಇನ್ನೊಂದು, ಇದು ನನ್ನದೇ ಪೆದ್ದತನ. ಒಂದು ಜುಲೈಯಲ್ಲಿ ಬೆಂಗಳೂರಿನಿಂದ ಐದು ಜನ ಕಾರು ತುಂಬಿಕೊಂಡು ಹೋದೆವು. ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರು. ಕೆಂಪು ನೀರು ತಿಟ್ಟುಗಳ ಮೇಲೆಯೇ ಹರಿಯುತ್ತಿತ್ತು, ದೋಣಿಗಳನ್ನೆಲ್ಲ ದಡಕ್ಕೆ ಕಟ್ಟಿಹಾಕಿದ್ದರು. ಮದ್ದೂರಿನಲ್ಲಿ ವಡೆ ತಿಂದದ್ದೊಂದೇ ಆವತ್ತಿನ ಲಾಭ. ಮಳೆಗಾಲದಲ್ಲಿ ಅಣೆಕಟ್ಟಿನ ಸುದ್ದಿ ನೋಡಿಕೊಂಡು ಹೊರಡಿ.

ಕಬಿನಿಯೋ ಭದ್ರಾವೋ?

ಇವೆರಡರಲ್ಲೂ ನೀವು ನೋಡುವುದು ಹರಿಯುವ ಹೊಳೆಯಲ್ಲ, ಜಲಾಶಯದ ಹಿನ್ನೀರು. ದೊಡ್ಡ ಬಯಲಿನಂಥ ನೀರು, ಅಲ್ಲಲ್ಲಿ ಮುಳುಗಿ ಸತ್ತ ಮರಗಳ ಬೋಳು ಕೊರಡು. ಮೋಟರ್ ದೋಣಿ, ಗೈಡ್, ನಿಗದಿತ ಹೊತ್ತು. ದುಡ್ಡೂ ಜಾಸ್ತಿ.

ಕಬಿನಿಯ ಹಿನ್ನೀರಿನ ಒಂದು ದಡ ನಾಗರಹೊಳೆ, ಇನ್ನೊಂದು ದಡ ಬಂಡೀಪುರ. 1974ರಲ್ಲಿ ಅಣೆಕಟ್ಟು ಮುಗಿಯಿತು. ಬೇಸಿಗೆಯಲ್ಲಿ ನೀರು ಇಳಿದಂತೆ ಖಾಲಿಯಾದ ಜಾಗದಲ್ಲಿ ಹಸಿರು ಹುಲ್ಲು ಬರುತ್ತದೆ. ಕಾಡೊಳಗೆ ಎಲ್ಲ ಒಣಗಿರುವಾಗ ಆನೆಗಳು ಆ ಹುಲ್ಲಿಗೂ ನೀರಿಗೂ ಅಂತ ಹಿಂಡು ಹಿಂಡಾಗಿ ಬರುತ್ತವೆ. ಮಾರ್ಚ್‌ನಿಂದ ಮೇವರೆಗೆ ದೋಣಿಯಿಂದ ಅದನ್ನು ನೋಡುವುದಕ್ಕೆ ಸಮ ಇನ್ನೊಂದಿಲ್ಲ. ಕೊರಡುಗಳ ಮೇಲೆ ಕಪ್ಪು ಬಿಳಿ ಮಿಂಚುಳ್ಳಿ ಇರುತ್ತದೆ, ಚಳಿಗಾಲದಲ್ಲಿ ಮೀನು ಹಿಡಿಯುವ ಆಸ್ಪ್ರೆ ಹದ್ದೂ ಬರುತ್ತದೆ. ಆದರೆ ಪಕ್ಕದವರು ಹುಲಿಗಾಗಿ ಕಣ್ಣು ಕೀಲಿಸಿ ಕೂತಿರುವಾಗ ನೀವು ‘ಆ ಮಿಂಚುಳ್ಳಿ ಹತ್ರ ನಿಲ್ಸಿ’ ಅಂದು ನೋಡಿ. ದೋಣಿಯಲ್ಲಿರುವವರೆಲ್ಲ ನಿಮ್ಮನ್ನೇ ನೋಡುತ್ತಾರೆ.

ಹಕ್ಕಿ ಹುಚ್ಚಿನವರಿಗೆ ನಾನು ಹೇಳುವುದು ಭದ್ರಾ. ಲಕ್ಕವಳ್ಳಿ ಕಡೆಯಿಂದ ದೋಣಿ ಹತ್ತಬೇಕು. ಇಲ್ಲಿನ ಮುಖ್ಯ ಪಾತ್ರಧಾರಿ ರೀವ, ಅಂದರೆ ರಿವರ್ ಟರ್ನ್. ಬೂದು ಮೈ, ಕರಿ ಟೋಪಿ, ಹಳದಿ ಕೊಕ್ಕು, ಕವಲು ಬಾಲ. ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ಸಾವಿರಾರು ರೀವಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಇಲ್ಲ, ಕಲ್ಲುಗಳ ನಡುವೆ ಒಂದು ಕುಳಿ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋದರೆ ಅವುಗಳ ಕಿರಿಚಾಟದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ನೀರುನಾಯಿಗಳ ಗುಂಪು ಸಿಕ್ಕರೆ ಅದು ಅದೃಷ್ಟ. ಹುಲಿಯ ಆಸೆ ಇಟ್ಟುಕೊಂಡು ಭದ್ರಾಕ್ಕೆ ಹೋಗಬೇಡಿ, ನಿರಾಸೆಯಾಗುತ್ತದೆ.

ಕಾಳಿ: ಕ್ಯಾಮೆರಾದವರ ಹೊಳೆ

ದಾಂಡೇಲಿ, ಗಣೇಶಗುಡಿ ಕಡೆಯ ಕಾಳಿ ನದಿ ಮೇಲಿನ ಎಲ್ಲಕ್ಕಿಂತ ಬೇರೆ. ದಟ್ಟ ಕಾಡು, ನೀರಿನ ಮೇಲೆ ಬಾಗಿದ ಕೊಂಬೆಗಳು, ನೆರಳು. ನೀಲಿ ಕಿವಿಯ ಮಿಂಚುಳ್ಳಿಗೆ ಇಂಥ ಜಾಗವೇ ಬೇಕು. ಮಹಾರಾಷ್ಟ್ರ, ಗೋವಾದಿಂದಲೂ ಅದಕ್ಕೋಸ್ಕರ ಜನ ಬರುತ್ತಾರೆ.

ಇದನ್ನೂ ಸಣ್ಣ ಮಿಂಚುಳ್ಳಿಯನ್ನೂ ಹೇಗೆ ಬೇರೆ ಮಾಡುವುದು? ಕಣ್ಣಿನ ಹಿಂದೆ ಕೆನ್ನೆಯ ಬಣ್ಣ ನೋಡಿ. ಸಣ್ಣ ಮಿಂಚುಳ್ಳಿಗೆ ಅಲ್ಲಿ ಕಿತ್ತಳೆ ಬಣ್ಣದ ಮಚ್ಚೆ, ನೀಲಿ ಕಿವಿಯದ್ದಕ್ಕೆ ಕಡುನೀಲಿ. ಇಲ್ಲೊಂದು ಮೋಸವಿದೆ. ನೀಲಿ ಕಿವಿಯದರ ಎಳೆ ಹಕ್ಕಿಗೆ ಕೆನ್ನೆ ಕಿತ್ತಳೆಯೇ ಇರುತ್ತದೆ. ಹಾಗಾಗಿ ಫೋಟೊ ಹಾಕಿ ಜಗಳ ಮಾಡುವ ಮೊದಲು ಬೆನ್ನಿನ ನೀಲಿ ಎಷ್ಟು ಗಾಢ ಅಂತಲೂ ನೋಡಿ, ಸುತ್ತಲಿನ ಜಾಗ ಕಾಡಿನ ನೆರಳೋ ಬಯಲೋ ಅಂತಲೂ ನೋಡಿ.

ದಾಂಡೇಲಿಯಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳು ಊರ ಮೇಲೆಯೇ ಹಾರುತ್ತವೆ. ಸಂಜೆ ಹೊತ್ತು ನದಿ ದಾಟುವಾಗ ಅವುಗಳ ರೆಕ್ಕೆ ಸದ್ದು ಕೇಳುವುದೇ ಒಂದು ಅನುಭವ. ನದಿಯಲ್ಲಿ ಮೊಸಳೆಗಳೂ ಇವೆ, ಈಜುವ ಯೋಚನೆ ಬೇಡವೇ ಬೇಡ. ಗಣೇಶಗುಡಿಯಲ್ಲಿ ಹಕ್ಕಿಗಳಿಗೆ ಸಣ್ಣ ನೀರಿನ ತೊಟ್ಟಿ ಇಟ್ಟು, ಎದುರಿಗೆ ಕೂತು ಫೋಟೊ ತೆಗೆಯುವ ವ್ಯವಸ್ಥೆ ಇದೆ. ಅಲ್ಲಿ ಕಾಡಿನ ಹಕ್ಕಿ ಸಿಗುತ್ತವೆ, ಮಿಂಚುಳ್ಳಿಗೆ ಹೊಳೆಗೇ ಇಳಿಯಬೇಕು.

ತೊಂದರೆ ಎರಡು. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಂತೆ ನದಿಯ ಮಟ್ಟ ಏರಿಳಿಯುತ್ತದೆ, ಹಾಗಾಗಿ ದಂಡೆಯ ಬಂಡೆ ಮೇಲೆ ಕೂರುವಾಗ ಸ್ಥಳೀಯರನ್ನು ಕೇಳಿಯೇ ಕೂರಿ. ಇನ್ನೊಂದು, ರಾಫ್ಟಿಂಗ್ ಮತ್ತು ವಾಟರ್ ಸ್ಪೋರ್ಟ್ಸ್ ಗಲಾಟೆ. ಹತ್ತು ಗಂಟೆಯ ಮೇಲೆ ಹಕ್ಕಿಯ ಆಸೆ ಬಿಟ್ಟು ತಿಂಡಿಗೆ ಹೋಗುವುದೇ ವಾಸಿ.

ಹಂಪಿಯ ತುಂಗಭದ್ರಾ: ನೀರುನಾಯಿಗೆ

ಹಂಪಿಗೆ ಹೋಗುವವರಲ್ಲಿ ಹೆಚ್ಚಿನವರು ಹೊಳೆಯನ್ನು ಹರಿಗೋಲು ಹತ್ತುವ ಜಾಗ ಅಂತ ಮಾತ್ರ ನೋಡುತ್ತಾರೆ. (ಮೈಸೂರು ಕಡೆಯವರು ಇದನ್ನೇ ತೆಪ್ಪ ಅನ್ನುತ್ತಾರೆ.) ಅದೇ ಹೊಳೆಯಲ್ಲಿ ನೀರುನಾಯಿಗಳಿವೆ. ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿ ಕಡೆಗೆ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ನೀರುನಾಯಿಗೆಂದೇ ಮೀಸಲಾದ ಇಂಥ ಜಾಗ ದೇಶದಲ್ಲಿ ಇದೇ ಮೊದಲು.

ನೀರುನಾಯಿ ಕಾಣದಿದ್ದರೂ ಅದು ಬಂದುಹೋದದ್ದು ಗೊತ್ತಾಗುತ್ತದೆ. ನೀರಂಚಿನ ಚಪ್ಪಟೆ ಬಂಡೆಯ ಮೇಲೆ ಹಿಕ್ಕೆ ಹಾಕುವುದು ಅವುಗಳ ಅಭ್ಯಾಸ. ಒಣಗಿದ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿದರೆ ಬರೀ ಮೀನಿನ ಹುರುಪೆ, ಮುಳ್ಳು. ಬಿಸಿಲಿಗೆ ಮೈಕಾ ಚೂರಿನಂತೆ ಹೊಳೆಯುತ್ತದೆ, ನಾತ ಮಾತ್ರ ಮೀನು ಮಾರ್ಕೆಟ್ಟಿನದ್ದೇ. ಅಂಥ ಬಂಡೆ ಸಿಕ್ಕರೆ ಮರುದಿನ ಬೆಳಕು ಹರಿಯುವ ಮೊದಲು ಎದುರು ದಡದಲ್ಲಿ ಹೋಗಿ ಕೂರಿ. ನಾನು ಮೂರು ಬೆಳಿಗ್ಗೆ ಕೂತು ಒಂದು ಬೆಳಿಗ್ಗೆ ನೋಡಿದೆ. ಐದು ತಲೆಗಳು ಸಾಲಾಗಿ ನೀರು ಸೀಳಿಕೊಂಡು ಬಂದವು. ಮೀನು ಅಗಿಯುವ ಸದ್ದು ಈ ದಡಕ್ಕೂ ಕೇಳುತ್ತಿತ್ತು.

ಮಿಂಚುಳ್ಳಿಗಳಲ್ಲಿ ಸುಲಭದ ಮೂರು ಇಲ್ಲಿ ಸಿಗುತ್ತವೆ. ಇನ್ನೊಂದು ದಿನ ಉಳಿದರೆ ದರೋಜಿಯಲ್ಲಿ ಕರಡಿ ನೋಡಬಹುದು. ದುಡ್ಡಿನ ಲೆಕ್ಕದಲ್ಲಿ ಇಡೀ ಪಟ್ಟಿಯಲ್ಲಿ ಇದೇ ಅಗ್ಗ. ಜನವರಿ ದಾಟಿ ನೀರು ಕಡಿಮೆಯಾದಾಗ ಒಳ್ಳೆಯದು, ಏಪ್ರಿಲ್ ಬಿಸಿಲು ಮಾತ್ರ ತಲೆ ಸುಡುತ್ತದೆ.

ಅಘನಾಶಿನಿ: ಉಪ್ಪುನೀರಿನ ಮಿಂಚುಳ್ಳಿ

ಶಿರಸಿ ಕಡೆ ಹುಟ್ಟಿ ಕುಮಟಾದ ಹತ್ತಿರ ಸಮುದ್ರ ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ಅಳಿವೆಯಲ್ಲಿ ಸಿಹಿನೀರು ಉಪ್ಪುನೀರು ಸಹಜವಾಗಿ ಬೆರೆಯುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬಳಚು ಅನ್ನುವ ಚಿಪ್ಪು ಹೆಕ್ಕುವ ಜನ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು. 2024ರಲ್ಲಿ ಇದೂ ರಾಮ್‌ಸಾರ್ ಪಟ್ಟಿಗೆ ಬಂತು.

ಇಲ್ಲಿ ಹುಡುಕಬೇಕಾದದ್ದು ಕರಿ ತಲೆಯ ಮಿಂಚುಳ್ಳಿ. ಚಳಿಗಾಲಕ್ಕೆ ಬರುವ ಅತಿಥಿ. ನೇರಳೆ ಮಿಶ್ರಿತ ನೀಲಿ ಬೆನ್ನು, ಕಪ್ಪು ತಲೆ, ಬಿಳಿ ಕೊರಳು, ಕೆಂಪು ಕೊಕ್ಕು. ನನ್ನ ಕೇಳಿದರೆ ಏಳರಲ್ಲಿ ಇದೇ ಚಂದ. ಅಳಿವಿನ ಅಂಚಿಗೆ ಸರಿಯುತ್ತಿರುವ ಹಕ್ಕಿಗಳ ಪಟ್ಟಿಗೂ ಸೇರಿದೆ. ಇಲ್ಲಿ ಗಡಿಯಾರಕ್ಕಿಂತ ಉಬ್ಬರ ಇಳಿತದ ಹೊತ್ತು ಮುಖ್ಯ. ನೀರು ಇಳಿದು ಕೆಸರು ತೆರೆದಾಗ ಏಡಿಗಳು ಹೊರಬರುತ್ತವೆ, ಆಗ ಇದೂ ಕೆಳಗಿನ ಕೊಂಬೆಗೆ ಬರುತ್ತದೆ. ನೀರು ತುಂಬಿದಾಗ ಹೋದರೆ ಬರೀ ಹಸಿರು ಗೋಡೆ ನೋಡಿ ಬರಬೇಕಾಗುತ್ತದೆ. ಹೊತ್ತು ಯಾವುದು ಅಂತ ಅಲ್ಲಿನ ಮೀನುಗಾರರನ್ನು ಕೇಳಿ.

ದೋಣಿ ಬೇಡ, ವಯಸ್ಸಾದವರಿದ್ದಾರೆ ಅಂದರೆ ಪಕ್ಕದ ಹೊನ್ನಾವರಕ್ಕೆ ಹೋಗಿ. ಕಾಸರಕೋಡಿನಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಹಲಗೆಯ ಕಾಲುದಾರಿ ಮಾಡಿದ್ದಾರೆ, ಆರಾಮಾಗಿ ನಡೆಯಬಹುದು.

ಭೀಮೇಶ್ವರಿಯನ್ನು ಬಿಟ್ಟಿರಲ್ಲ ಅಂತ ಕೇಳಬಹುದು. ಬೆಂಗಳೂರಿಗೆ ಹತ್ತಿರ, ಕಾವೇರಿ ವನ್ಯಧಾಮದ ದಂಡೆ, ಬೂದು ಬಣ್ಣದ ದೊಡ್ಡ ಅಳಿಲು ಅಲ್ಲಿನ ವಿಶೇಷ, ಮೀನು ಹಿಡಿಯುವ ಹದ್ದುಗಳೂ ಇವೆ. ರಾತ್ರಿ ಉಳಿಯುವುದಾದರೆ ಚೆನ್ನ. ಒಂದೇ ದಿನದಲ್ಲಿ ಹೋಗಿ ಬರುವವರಿಗೆ ನಾನು ಹೇಳುವುದಿಲ್ಲ. ನೀವು ತಲುಪುವ ಹೊತ್ತಿಗೆ ಹಕ್ಕಿಗಳ ಕೆಲಸ ಮುಗಿದಿರುತ್ತದೆ.

ದೋಣಿಯೋ ದಂಡೆಯೋ?

ಕೊಕ್ಕರೆ, ಮೊಸಳೆ, ಆನೆ, ರೀವಕ್ಕೆ ದೋಣಿ. ಮಿಂಚುಳ್ಳಿಗೆ ದಂಡೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಕಾರಣ ಹೇಳುತ್ತೇನೆ. ಪ್ರತಿ ಸಣ್ಣ ಮಿಂಚುಳ್ಳಿಗೂ ಹೊಳೆಯಲ್ಲಿ ತನ್ನದೇ ಆದ ಒಂದು ತುಂಡು ಇರುತ್ತದೆ. ದೋಣಿ ಹತ್ತಿರ ಬಂದಂತೆ ಮುಂದಿನ ಕೊಂಬೆಗೆ ಹಾರುತ್ತದೆ, ಮತ್ತೆ ಹತ್ತಿರ ಹೋದರೆ ಅದರ ಮುಂದಿನದಕ್ಕೆ. ತನ್ನ ಗಡಿ ಮುಗಿದಾಗ ಸುತ್ತು ಹೊಡೆದು ನಿಮ್ಮ ಹಿಂದಕ್ಕೆ ಹೋಗಿಬಿಡುತ್ತದೆ. ಅರ್ಧ ಗಂಟೆ ಅದರ ಬೆನ್ನು ಮಾತ್ರ ನೋಡುತ್ತೀರಿ. ಅದೇ ದಂಡೆಯಲ್ಲಿ, ನೀರಿನ ಮೇಲೆ ಚಾಚಿದ ಕೊಂಬೆ ಅಥವಾ ಕಲ್ಲಿನ ಮೇಲೆ ಸುಣ್ಣ ಚೆಲ್ಲಿದಂಥ ಹಿಕ್ಕೆ ಇದೆಯಾ ನೋಡಿ. ಇದ್ದರೆ ಅದು ಅದರ ಕಾಯಂ ಸೀಟು. ಇಪ್ಪತ್ತು ಮೂವತ್ತು ಹೆಜ್ಜೆ ದೂರ, ಪೊದೆ ಪಕ್ಕ, ಸೂರ್ಯನಿಗೆ ಬೆನ್ನು ಮಾಡಿ ಕೂರಿ. ಈ ಹಕ್ಕಿಯ ನೀಲಿ ಗರಿಯ ಬಣ್ಣದ್ದಲ್ಲ, ಗರಿಯ ಒಳರಚನೆಗೆ ಬೆಳಕು ತಾಗಿ ಹುಟ್ಟುವಂಥದ್ದು. ಬಿಸಿಲು ನಿಮ್ಮ ಬೆನ್ನ ಹಿಂದಿದ್ದರೆ ಬೆಂಕಿಯಂತೆ ಉರಿಯುತ್ತದೆ, ಎದುರಿಗಿದ್ದರೆ ಕರಿ ಬೊಟ್ಟು. ಬಿಳಿ ಅಂಗಿ ಬೇಡ.

ಬೈನಾಕ್ಯುಲರ್ ಕೊಳ್ಳುವುದಾದರೆ 8×42, ಅಂದರೆ ಎಂಟು ಪಟ್ಟು ದೊಡ್ಡದು ಮಾಡುವ, 42 ಮಿ.ಮೀ. ಮಸೂರದ್ದು ಸಾಕು. 10×42 ದೂರದ್ದನ್ನು ದೊಡ್ಡದಾಗಿ ತೋರಿಸುತ್ತದೆ ನಿಜ, ಆದರೆ ಅಲುಗುವ ದೋಣಿಯಲ್ಲಿ ಕೈ ನಡುಕವನ್ನೂ ದೊಡ್ಡದು ಮಾಡುತ್ತದೆ.

ಗೂಡಿನ ವಿಷಯ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮಿಂಚುಳ್ಳಿ ಸಾಮಾನ್ಯವಾಗಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ದಂಡೆಯ ಮಣ್ಣಿನ ಗೋಡೆಯಲ್ಲಿ ಬಿಲ ಕೊರೆಯುತ್ತದೆ. ಮರಳು ತೋಡಿ, ಕಾಂಕ್ರೀಟ್ ಹಾಕಿದ ದಂಡೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಮೀನು ಹಿಡಿದ ಹಕ್ಕಿಯನ್ನು ಗಮನಿಸಿ. ಮೀನನ್ನು ಕೊಂಬೆಗೆ ಬಡಿದು, ತಲೆ ಒಳಗೆ ಮಾಡಿಕೊಂಡರೆ ತಾನೇ ನುಂಗುತ್ತದೆ. ಮೀನಿನ ತಲೆ ಕೊಕ್ಕಿನ ತುದಿ ಕಡೆಗಿದ್ದರೆ ಅದು ಮರಿಗೋ ಸಂಗಾತಿಗೋ ಒಯ್ಯುತ್ತಿದೆ ಅಂತ. ಹಾಗೆ ಹಿಡಿದುಕೊಂಡು ಎಲ್ಲಿಗೂ ಹೋಗದೆ ಕೂತಲ್ಲೇ ಚಡಪಡಿಸುತ್ತಿದೆಯಾ? ನೀವು ಗೂಡಿನ ಎದುರೇ ಕೂತಿದ್ದೀರಿ. ಫೋಟೊ ಹಾಳಾಗಲಿ, ಎದ್ದು ಹೋಗಿ.

ಇನ್ನು ತಿಂಗಳ ಲೆಕ್ಕ. ನವೆಂಬರ್‌ನಿಂದ ಜನವರಿವರೆಗೆ ಅಘನಾಶಿನಿ ಅಥವಾ ಕಾಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಮಕ್ಕಳಿದ್ದರೆ ರಂಗನತಿಟ್ಟು, ಇಲ್ಲದಿದ್ದರೆ ಭದ್ರಾ. ಏಪ್ರಿಲ್, ಮೇನಲ್ಲಿ ಕಬಿನಿಯ ಆನೆ. ಮಳೆಗಾಲದಲ್ಲಿ ದೊಡ್ಡ ಹೊಳೆಗಳ ಕಡೆ ತಲೆ ಹಾಕಬೇಡಿ. ಆ ಹೊತ್ತಿಗೆ ಮೂರು ಬೆರಳಿನ ಪುಟಾಣಿ ಮಿಂಚುಳ್ಳಿ ಘಟ್ಟದ ಕೆಳಗಿನ ಸಣ್ಣ ತೊರೆಗಳ ಬದಿ ಮರಿ ಮಾಡಲು ಬರುತ್ತದೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ ಮೈ, ಹಳದಿ ಹೊಟ್ಟೆ, ನೇರಳೆ ನೆತ್ತಿ. ಜೂನ್ ಕೊನೆಯಲ್ಲಿ ತೋಟದ ತೊರೆ ಇರುವ ನೆಂಟರ ಮನೆ ಇದ್ದರೆ ಅಲ್ಲಿಗೇ ಹೋಗಿ ಎರಡು ದಿನ ಇರಿ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪಿನ ಪುಡಿ ಜೇಬಿನಲ್ಲಿರಲಿ.